ಡೋವಿಯ ಬಿಸ್ಕೆಟ್ ಉಬ್ಬದ ಭಾನುವಾರ

ಸ್ಪೈಸ್‌ವುಡ್ ಕಣಿವೆಯ ಡೋವಿ ಟಿಪ್ಟನ್ ಬೆಳಿಗ್ಗೆ ಎದ್ದು ಬಿಸ್ಕೆಟ್ ಮಾಡದ ದಿನವೆಂದರೆ ಅವಳು ಮಕ್ಕಳನ್ನು ಹೆತ್ತ ಎರಡು ದಿನ ಮಾತ್ರ. ಅದರಲ್ಲೂ ಎರಡನೆಯ ಸಲ, ಮಗ ಡ್ವೇನ್ ಹುಟ್ಟುವಾಗ, ಹಿಟ್ಟು ಕಲಸಿಟ್ಟೇ ಮಲಗಿದ್ದಳು. ಓವನ್ನಿಗೆ ಇಟ್ಟು ತೆಗೆಯುವ ಕೆಲಸವಷ್ಟೇ ಸೂಲಗಿತ್ತಿಯ ಪಾಲಿಗೆ ಬಂತು. ಆಕೆ ಬಿಸ್ಕೆಟ್ಟನ್ನು ಕರಕಲು ಮಾಡಿದಳು ಎಂಬ ದೂರು ಮಗನಿಗೆ ಮೀಸೆ ಬಂದ ಮೇಲೂ ಆ ಮನೆಯಲ್ಲಿ ಮುಗಿದಿರಲಿಲ್ಲ.

ಬಿಸ್ಕೆಟ್ ಎಂದರೆ ಪೊಟ್ಟಣದಲ್ಲಿ ಬರುವ ಗರಿಗರಿ ಬಿಲ್ಲೆಯಲ್ಲ. ಅದನ್ನು ಟೆನ್ನೆಸ್ಸೀಯ ಈ ಗುಡ್ಡದ ಜನ ಬಿಸ್ಕೆಟ್ ಎಂದು ಒಪ್ಪುವುದೂ ಇಲ್ಲ. ಇದು ಹಿಟ್ಟಿಗೆ ಹಂದಿಯ ಕೊಬ್ಬು ಉಜ್ಜಿ, ಹುಳಿ ಮಜ್ಜಿಗೆ ಹೊಯ್ದು, ಕೈ ಹೆಚ್ಚು ಆಡಿಸದೆ ಕಲಸಿ, ಕಬ್ಬಿಣದ ಬಾಣಲೆಯಲ್ಲಿ ಒಂದಕ್ಕೊಂದು ತಾಗಿಸಿಟ್ಟು ಬೇಯಿಸುವ ತಿಂಡಿ. ಮೇಲೆ ಕೆಂಪಗೆ ಕಾದಿರಬೇಕು, ಒಳಗೆ ಬೆಳ್ಳಗೆ ಪದರ ಪದರವಾಗಿರಬೇಕು, ಮುರಿದರೆ ಹಬೆ ಮೂಗಿಗೆ ಬಡಿಯಬೇಕು. ಬೆಣ್ಣೆ ಸವರಿ, ಜೋಳದ ದಂಟಿನ ಜೋನಿಬೆಲ್ಲ ಸುರಿದು ಕೊಟ್ಟರೆ ಎಂಥ ಸಿಡುಕು ಗಂಡಸೂ ತುಟಿ ಪಿಟಕ್ಕೆನ್ನದೆ ಕೆಲಸಕ್ಕೆ ಹೋಗುತ್ತಾನೆ.

ಡೋವಿ ಇದನ್ನು ಕಲಿತದ್ದು ಮೇಜು ಎಟುಕದ ವಯಸ್ಸಿನಲ್ಲಿ, ಕೊಬ್ಬಿನ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ನಿಂತು. ತಾಯಿ ಎದೆನೋವಿನಿಂದ ಹಾಸಿಗೆ ಹಿಡಿದಿದ್ದಳು, ತಂದೆ ಮರ ಕೊಯ್ಯುವ ಮಿಲ್ಲಿಗೆ ಕತ್ತಲಿರುವಾಗಲೇ ಹೊರಡಬೇಕಿತ್ತು. ತಾಯಿ ಮಲಗಿದ್ದಲ್ಲಿಂದಲೇ ಕೂಗುತ್ತಿದ್ದಳು: "ಜಾಸ್ತಿ ನಾದಬೇಡ್ವೇ ಹುಡುಗಿ, ಅದೇನು ನಿಮ್ಮಪ್ಪನ ಪ್ಯಾಂಟಾ ಕುಕ್ಕಿ ಒಗೆಯೋಕೆ?" ಆ ಚಳಿಗಾಲ ಕಳೆಯುವ ಮೊದಲೇ ತಾಯಿ ಹೋದಳು. ಮಗಳ ಕೈಗೆ ಉಳಿದದ್ದು ಆ ಬೈಗಳು, ಮತ್ತೆ ಅಜ್ಜ ಒಂದೇ ಮರದ ತುಂಡಿನಲ್ಲಿ ಕೆತ್ತಿದ ಒಂದು ಮರಿಗೆ.

ಆ ಮರಿಗೆಯನ್ನು ಡೋವಿ ಮದುವೆಯಾಗಿ ಎಲ್ಬರ್ಟ್ ಟಿಪ್ಟನ್ನನ ಮನೆಗೆ ಬರುವಾಗ ಮಡಿಲಲ್ಲಿ ಇಟ್ಟುಕೊಂಡು ಬಂದಳು. ಅದರಲ್ಲಿ ಯಾವಾಗಲೂ ಹಿಟ್ಟು ತುಂಬಿರುತ್ತದೆ. ಬೆಳಿಗ್ಗೆ ಮುಷ್ಟಿಯಿಂದ ನಡುವೆ ಒಂದು ಗುಳಿ ಮಾಡಿ, ಅದಕ್ಕೆ ಕೊಬ್ಬು, ಮಜ್ಜಿಗೆ ಹಾಕಿ ಬೆರಳಾಡಿಸುತ್ತ ಹೋದರೆ, ಎಷ್ಟು ಹಿಟ್ಟು ಬೇಕೋ ಅಷ್ಟನ್ನು ಅದೇ ಎಳೆದುಕೊಳ್ಳುತ್ತದೆ. ಆಮೇಲೆ ಹೆಬ್ಬೆರಳು ತೋರುಬೆರಳ ಸಂದಿನಲ್ಲಿ ಹಿಂಡಿ ಹಿಂಡಿ ಉಂಡೆ ಕಿತ್ತು ಬಾಣಲೆಗೆ ಜೋಡಿಸುವುದು. ಉಳಿದ ಹಿಟ್ಟನ್ನು ಜರಡಿ ಹಿಡಿದು, ಮರಿಗೆಗೆ ಬಟ್ಟೆ ಮುಚ್ಚಿ, ನಾಳೆಗೆ ಇಡುವುದು. ಅಳತೆ ಇಲ್ಲ, ಲೆಕ್ಕ ಇಲ್ಲ. ಎಷ್ಟು ಹಾಕಬೇಕು ಎಂದು ಕೇಳಿದರೆ ಡೋವಿಗೆ ಸಿಟ್ಟು ಬರುತ್ತಿತ್ತು. "ಸಾಕು ಅನ್ನಿಸೋವಷ್ಟು" ಎನ್ನುತ್ತಿದ್ದಳು. ಇದು ಸುಳ್ಳಲ್ಲ, ಆದರೆ ಇದರಿಂದ ಯಾರೂ ಏನೂ ಕಲಿಯಲಿಲ್ಲ. ಮಗಳು ಲನೆಟ್ ಒಂದೆರಡು ಸಲ ಪ್ರಯತ್ನಿಸಿ, ಕೈ ತೊಳೆದುಕೊಂಡು, ನಾಕ್ಸ್‌ವಿಲ್ ಪಟ್ಟಣಕ್ಕೆ ಹೋಗಿ ನರ್ಸ್ ಆದಳು.

ಮಗ ಡ್ವೇನ್ ಲಾರಿ ಓಡಿಸುವವನು. ಅವನು ಒಹಾಯೊದಿಂದ ಒಬ್ಬಳನ್ನು ಕಟ್ಟಿಕೊಂಡು ಬಂದಾಗ ಕಣಿವೆಯ ಹೆಂಗಸರು ಅವಳ ಬಗ್ಗೆ ಕೇಳಿದ ಮೊದಲ ಪ್ರಶ್ನೆಯೇ ಬಿಸ್ಕೆಟ್ ಮಾಡುತ್ತಾಳಾ ಎಂಬುದು. ಹೆಸರು ಗ್ರೆಚೆನ್. ಉದ್ದಕ್ಕೆ, ತೆಳ್ಳಗೆ, ಮಾತು ಕಡಿಮೆ. ಮದುವೆಯಾದ ಮೊದಲ ಭಾನುವಾರ ಅತ್ತೆಯನ್ನು ಮೆಚ್ಚಿಸಬೇಕೆಂದು ತನ್ನ ಮನೆಯಲ್ಲೇ ಬಿಸ್ಕೆಟ್ ಮಾಡಿಕೊಂಡು ಬಂದಳು ಪಾಪ. ಅವಳ ಊರಲ್ಲಿ ಬ್ರೆಡ್ಡಿನ ಹಿಟ್ಟನ್ನು ಗುದ್ದಿ ಗುದ್ದಿ ನಾದುವುದು ರೂಢಿ. ಹಾಗೇ ಇದನ್ನೂ ನಾದಿದ್ದಳು. ಎಲ್ಬರ್ಟನ ತಂಗಿ ಇಜೋರಾ ಒಂದನ್ನು ಕೈಗೆತ್ತಿಕೊಂಡು, ಅಂಗೈಯಲ್ಲಿ ತೂಗಿ ನೋಡಿ, ಎದ್ದು ಹೋಗಿ ಅಡುಗೆಮನೆಯ ಬಾಗಿಲು ಗಾಳಿಗೆ ಹಾಕಿಕೊಳ್ಳದ ಹಾಗೆ ಕೆಳಗೆ ಇಟ್ಟಳು. ಬಾಗಿಲು ಅಲ್ಲಾಡಲಿಲ್ಲ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಡೋವಿ ನಗಲಿಲ್ಲ. ಹಾಗೆಂದು ಇಜೋರಾಳಿಗೆ ಸುಮ್ಮನಿರು ಎಂದೂ ಹೇಳಲಿಲ್ಲ. ಆ ದಿನದಿಂದ ಗ್ರೆಚೆನ್ ಮರಿಗೆಯ ಹತ್ತಿರ ಸುಳಿಯಲಿಲ್ಲ. ಅವಳ ಮನೆ ಇರುವುದು ಅಲ್ಲೇ ಕೆಳಗೆ, ಹಳ್ಳದ ಪಕ್ಕದಲ್ಲಿ. ವಾರಕ್ಕೊಮ್ಮೆ ಅತ್ತೆ ಮಾವನಿಗೆ ಅಂಗಡಿಯಿಂದ ಸಾಮಾನು ತಂದು ಕಪಾಟಿಗೆ ಜೋಡಿಸುತ್ತಿದ್ದಳು. ಭಾನುವಾರ ಊಟಕ್ಕೆ ಬಂದು, ಎದುರಿಗೆ ಕೂತು ತಿಂದು, ಪಾತ್ರೆ ತೊಳೆದು ಹೋಗುತ್ತಿದ್ದಳು. ಹೀಗೇ ಹನ್ನೆರಡು ವರ್ಷ ಕಳೆಯಿತು. ಅತ್ತೆ ಸೊಸೆ ಒಂದು ದಿನವೂ ಜಗಳ ಆಡಲಿಲ್ಲ. ಜಗಳ ಆಡುವಷ್ಟು ಸಲಿಗೆಯೇ ಇರಲಿಲ್ಲ ಅವರ ನಡುವೆ.

ಡೋವಿಯ ಕಣ್ಣಿನ ವಿಷಯ ಈಗ ಹೇಳಬೇಕು. ಎಪ್ಪತ್ತರ ಹತ್ತಿರ ಬಂದಾಗ ಒಂದು ದಿನ ಅವಳಿಗೆ ಗೋಡೆಯ ಗಡಿಯಾರದ ಮುಳ್ಳು ಕಾಣಲಿಲ್ಲ. ಗಡಿಯಾರದ ಅಂಚು ಕಾಣುತ್ತಿತ್ತು, ನಡುವೆ ಮಾತ್ರ ಬೂದಿ ಬಣ್ಣದ ಮಚ್ಚೆ. ಚರ್ಚಿನ ವ್ಯಾನಿನಲ್ಲಿ ಪಟ್ಟಣಕ್ಕೆ ಹೋಗಿ ತೋರಿಸಿದಳು. ಡಾಕ್ಟರು ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ. ಕಣ್ಣಿನ ನಡುಭಾಗ ಸವೆದು ಹೋಗುತ್ತಿದೆ, ಬದಿಯ ನೋಟ ಉಳಿಯುತ್ತದೆ, ಇದಕ್ಕೆ ಮದ್ದಿಲ್ಲ ಎಂದರು. ಡೋವಿ ಮನೆಗೆ ಬಂದು ಗಂಡನಿಗೆ, "ಕಣ್ಣು ಒಣಗಿದೆಯಂತೆ, ಹನಿ ಕೊಟ್ಟಿದ್ದಾರೆ" ಎಂದಳು. ಎಲ್ಬರ್ಟ್ ನಂಬಿದ. ಮದುವೆಯಾದಾಗಿನಿಂದ ಅವಳು ಹೇಳಿದ್ದನ್ನೆಲ್ಲ ಅವನು ನಂಬಿಕೊಂಡೇ ಬಂದಿದ್ದ, ಅದರಿಂದ ಅವನಿಗೆ ನಷ್ಟವೇನೂ ಆಗಿರಲಿಲ್ಲ.

ಯಾಕೆ ಮುಚ್ಚಿಟ್ಟಳು ಎಂದರೆ ಒಲೆಗೋಸ್ಕರ. ಕಣಿವೆಯ ಕೆಳಗಿನ ಮನೆಯ ಮುದುಕಿಯೊಬ್ಬಳು ಒಂದು ದಿನ ಒಲೆ ಆರಿಸಲು ಮರೆತಳು. ಮಕ್ಕಳು ಬಂದು ಒಲೆಯ ಕರೆಂಟಿನ ತಂತಿ ಕಿತ್ತರು. ತಿಂಗಳು ಕಳೆಯುವುದರಲ್ಲಿ ಅವಳನ್ನು ಪಟ್ಟಣದ ವೃದ್ಧಾಶ್ರಮಕ್ಕೆ ಸೇರಿಸಿದರು. ಆ ಸುದ್ದಿ ಕೇಳಿದಾಗ ಲನೆಟ್, "ಸರಿಯಾದ ಕೆಲಸ ಮಾಡಿದ್ರು. ಮನೆಗೆ ಬೆಂಕಿ ಬಿದ್ದ ಮೇಲೆ ಅಳೋದ್ರಿಂದ ಏನು ಬಂತು?" ಎಂದಿದ್ದಳು. ಡೋವಿ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಬೆಳಿಗ್ಗೆ ಎದ್ದು ಮರಿಗೆಗೆ ಕೈ ಹಾಕಲಾಗದ ಬದುಕು ಅವಳಿಗೆ ಬೇಡವಾಗಿತ್ತು, ಅಷ್ಟೇ. ಸಾಯುವುದಕ್ಕೆ ಅವಳು ಅಷ್ಟು ಹೆದರುತ್ತಿರಲಿಲ್ಲ.

ಹಿಟ್ಟು ಕಲಸಲು ಕಣ್ಣು ಬೇಡ. ಬೆಂದಿದೆಯೇ ಎನ್ನುವುದು ಮೂಗಿಗೆ ತಿಳಿಯುತ್ತದೆ. ತೊಡಕು ಇದ್ದದ್ದು ಒಂದೇ ಕಡೆ. ಕಪಾಟಿನ ಕೆಳಗಿನ ಹಲಗೆಯ ಮೇಲೆ ಎರಡು ಚೀಲ ಇರುತ್ತವೆ. ಬಲಕ್ಕೆ ಉಬ್ಬುವ ಹಿಟ್ಟು, ಅಂದರೆ ಮಿಲ್ಲಿನಲ್ಲೇ ಉಪ್ಪು, ಸೋಡಾ ಪುಡಿ ಬೆರೆಸಿ ಬರುವಂಥದು, ಬಿಸ್ಕೆಟ್ಟಿಗೆ. ಎಡಕ್ಕೆ ಸಾದಾ ಹಿಟ್ಟು, ಗ್ರೇವಿ ಗಟ್ಟಿ ಮಾಡಲು. ಎರಡೂ ಒಂದೇ ಗಾತ್ರದ ಕಾಗದದ ಚೀಲ, ಅಕ್ಷರದ ಬಣ್ಣ ಮಾತ್ರ ಬೇರೆ. ಅದಕ್ಕೂ ಡೋವಿ ಉಪಾಯ ಹುಡುಕಿದ್ದಳು. ಚೀಲ ಒಡೆದ ಕೂಡಲೇ ಬೆರಳ ತುದಿಯಲ್ಲಿ ಒಂದು ಚಿಟಿಕೆ ನೆಕ್ಕಿ ನೋಡುವುದು. ಉಪ್ಪುಪ್ಪಾಗಿದ್ದರೆ ಉಬ್ಬುವ ಹಿಟ್ಟು. ಎರಡು ವರ್ಷ ಹೀಗೆ ನಾಲಿಗೆ ಅವಳ ಮಾನ ಕಾಪಾಡಿತು.

ಮೇ ತಿಂಗಳಲ್ಲಿ ಸಮಾಧಿ ಸಿಂಗರಿಸುವ ಭಾನುವಾರ ಬರುತ್ತದೆ. ಹೊರಗೆ ನೆಲೆಸಿದವರೂ ಅಂದು ಕಣಿವೆಗೆ ಮರಳುತ್ತಾರೆ. ತಮ್ಮ ತಮ್ಮವರ ಗೋರಿಗಳ ಕಳೆ ಕಿತ್ತು, ಹೂವಿಟ್ಟು, ಪ್ರಾರ್ಥನೆ ಮುಗಿಸಿ, ಚರ್ಚಿನ ಪಕ್ಕದ ಮರಗಳ ನೆರಳಿನಲ್ಲಿ ಉದ್ದನೆ ಹಲಗೆ ಮೇಜಿನ ಮೇಲೆ ಎಲ್ಲ ಮನೆಗಳ ಅಡುಗೆಯನ್ನೂ ಹರಡಿ ಊಟ ಮಾಡುತ್ತಾರೆ. ಉಪ್ಪು ಹಚ್ಚಿ ಒಣಗಿಸಿದ ಹಂದಿ ಮಾಂಸದ ಚೂರು ಇಟ್ಟ ಡೋವಿಯ ಬಿಸ್ಕೆಟ್ ಇಲ್ಲದೆ ಆ ಊಟ ಶುರುವಾದದ್ದಿಲ್ಲ. ಮೊದಲ ಬಿಸ್ಕೆಟ್ ಪಾದ್ರಿಗೆ, ಆಮೇಲೆ ಯಾರ ಕೈ ಮುಂದೋ ಅವರಿಗೆ.

ಹಿಂದಿನ ದಿನ ಡೋವಿ ಕಪಾಟಿನ ಹಲಗೆ ಒರೆಸಲು, ಆ ವಾರ ಬಂದ, ಇನ್ನೂ ಬಾಯಿ ಒಡೆಯದ ಎರಡೂ ಚೀಲಗಳನ್ನು ನೆಲಕ್ಕಿಳಿಸಿದ್ದಳು. ಮಧ್ಯೆ ಲನೆಟ್ ಬಂದು ಕಾರಿನ ಹಾರ್ನ್ ಬಾರಿಸಿದಳೆಂದು ಎದ್ದು ಹೋಗಿ, ಮಗಳನ್ನು ಒಳಗೆ ಕರೆದು, ತಿರುಗಿ ಬಂದು ಚೀಲಗಳನ್ನು ಒಳಗಿಟ್ಟಳು. ಎಡದ್ದು ಬಲಕ್ಕೆ ಹೋಯಿತು.

ಭಾನುವಾರ ಬೆಳಿಗ್ಗೆ ಮರಿಗೆಯ ತಳ ಕಾಣುತ್ತಿತ್ತು. ಬಲಗಡೆಯ ಹೊಸ ಚೀಲವನ್ನು ಮೇಲಿಟ್ಟು ಡೋವಿ ಬಾಯಿ ಬಿಚ್ಚಿದಳು. ಬೆರಳು ಒಳಗೆ ಹೋಗುವುದಕ್ಕೂ ಇಜೋರಾ ಒಳಗೆ ಬರುವುದಕ್ಕೂ ಸರಿಹೋಯಿತು. ಹೊಸ ಗೌನು, ಹೊಸ ಟೋಪಿ, ಬಾಯಿ ಮಾತ್ರ ಹಳೆಯದೇ.

"ಇನ್ನೂ ಕಲಸೇ ಇಲ್ವಾ ಅತ್ತಿಗೆ? ನೀವು ಹೋಗೋಷ್ಟರಲ್ಲಿ ಸತ್ತೋರೆಲ್ಲ ಎದ್ದು ಊಟ ಮುಗಿಸಿರ್ತಾರೆ."

"ನೀನು ಬಂದಿದ್ದು ಕೆಲಸಕ್ಕೋ ಮಾತಿಗೋ?"

"ನೋಡೋಕೆ ಬಂದೆ. ಇಷ್ಟು ವರ್ಷ ಆದ್ರೂ ನಿಮ್ಮ ಕೈಗುಣ ಏನು ಅಂತ ನಂಗೆ ಗೊತ್ತಾಗ್ಲಿಲ್ಲ. ಇವತ್ತು ಕಣ್ಣು ಮಿಟುಕಿಸ್ದೆ ನೋಡ್ತೀನಿ."

ಇಜೋರಾ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಈಗ ಹಸಿ ಹಿಟ್ಟು ನೆಕ್ಕಿದರೆ ಅದು ಯಾಕೆ ಎಂದು ಅವಳು ಕೇಳದೆ ಬಿಡುವವಳಲ್ಲ. ಕೇಳಿದರೆ ಊಟದ ಹೊತ್ತಿಗೆ ಇಡೀ ಚರ್ಚಿಗೆ ಗೊತ್ತಾಗುತ್ತದೆ. ಡೋವಿ ಬೆರಳನ್ನು ಅರಿವೆಗೆ ಒರೆಸಿಕೊಂಡು ಚೀಲವನ್ನು ಹಾಗೇ ಸುರಿದಳು.

ಕಲಸುವಾಗ ಏನೂ ತಿಳಿಯಲಿಲ್ಲ, ಎರಡೂ ಹಿಟ್ಟು ಕೈಗೆ ಒಂದೇ ನುಣುಪು. ಬಾಣಲೆಗಳನ್ನು ಒಳಗಿಟ್ಟು ಅವಳು ಮುಖ ತೊಳೆಯಲು ಹೋದಳು. ಬೆಂದ ವಾಸನೆ ಬಂದು ಒಲೆಯ ಕಡೆ ಹೊರಟಾಗ ಇಜೋರಾ, "ನೀವು ಗೌನು ಹಾಕ್ಕೊಳ್ಳಿ, ನಾನು ತೆಗೀತೀನಿ" ಎಂದು ತಾನೇ ತೆಗೆದು, ಮಾಂಸ ಇಟ್ಟು, ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ತುಂಬಿದಳು. ಅವಳಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಏನು ಕಂಡಳೋ ಅದನ್ನು ಬಾಯಿ ಬಿಡದೆ ಬುಟ್ಟಿಗೆ ಮುಚ್ಚಳ ಹಾಕಿದಳು. ಇಜೋರಾ ಬಾಯಿ ಬಿಡದೆ ಇದ್ದದ್ದೇ ಅಪರೂಪ, ಆದರೆ ಅದನ್ನು ಗಮನಿಸುವ ಪುರಸೊತ್ತು ಯಾರಿಗೂ ಇರಲಿಲ್ಲ.

ಚರ್ಚಿನಂಗಳದಲ್ಲಿ ಪ್ರಾರ್ಥನೆ ಮುಗಿದು, ಪಾದ್ರಿ ಕೈ ಚಾಚಿದಾಗ ಡೋವಿ ಬುಟ್ಟಿಯ ಬಟ್ಟೆ ಬಿಡಿಸಿದಳು. ಬೆರಳು ತಾಗಿದ ಕೂಡಲೇ ಅವಳಿಗೆ ಗೊತ್ತಾಯಿತು. ಎತ್ತರಕ್ಕೆ ಉಬ್ಬಿ ನಿಂತಿರಬೇಕಾದದ್ದು ಚಪ್ಪಟೆಯಾಗಿ, ಗಟ್ಟಿಯಾಗಿ ಬಿದ್ದುಕೊಂಡಿತ್ತು. ಹಿಂದಕ್ಕೆ ಎಳೆದುಕೊಳ್ಳೋಣವೆಂದರೆ ಪಾದ್ರಿಯ ಕೈಯಲ್ಲಿ ಆಗಲೇ ಒಂದು ಹೋಗಿತ್ತು. ಒಳ್ಳೆಯ ಮನುಷ್ಯ, ಕಚ್ಚಿದರು, ದವಡೆ ಆಡಿಸಿದರು, ಇನ್ನಷ್ಟು ಆಡಿಸಿದರು. "ಮಾಂಸ ಬಹಳ ಚೆನ್ನಾಗಿದೆಯಮ್ಮ" ಎಂದರು.

ಇಜೋರಾ ಈ ಗಳಿಗೆಗೇ ಕಾದಿದ್ದಳು. "ಅಯ್ಯೋ ಅತ್ತಿಗೆ, ಇದೇನಿದು! ಬರೋವಾಗ ಕಾರಲ್ಲಿ ಯಾರಾದ್ರೂ ಇದರ ಮೇಲೆ ಕೂತ್ಕೊಂಡು ಬಂದ್ರಾ?"

ಸುತ್ತ ನಿಂತವರು ನಕ್ಕರು. ಕೆಟ್ಟ ನಗುವಲ್ಲ, ಆದರೂ ನಗುವೇ. ಲನೆಟ್ ಮುಂದೆ ಬಂದು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

"ಉಪ್ಪೇ ಇಲ್ವಲ್ಲಮ್ಮ. ಇದು ಸಾದಾ ಹಿಟ್ಟು. ಉಬ್ಬೋ ಹಿಟ್ಟಿನ ಬದಲು ಸಾದಾ ಹಿಟ್ಟು ಸುರಿದಿದ್ದೀಯ." ಅವಳ ದನಿಯಲ್ಲಿ ನಗು ಇರಲಿಲ್ಲ. "ಹೇಗಾಯ್ತು? ಚೀಲದ ಮೇಲೆ ಇಷ್ಟುದ್ದ ಬರೆದಿರುತ್ತಲ್ಲ?"

ಡೋವಿ ಇಷ್ಟು ಕಾಲ ಮುಚ್ಚಿಟ್ಟದ್ದು ಮಗಳ ಒಂದು ಪ್ರಶ್ನೆಯ ಆಚೆ ನಿಂತಿತ್ತು. ಅಷ್ಟರಲ್ಲಿ ಇಜೋರಾಳೇ ಅವಳಿಗೆ ದಾರಿ ಮಾಡಿಕೊಟ್ಟಳು.

"ಅತ್ತಿಗೆ ಯಾಕೆ ತಪ್ಪು ಮಾಡ್ತಾರೆ? ಸಾಮಾನು ತರೋದು ಯಾರು ಹೇಳು. ನಮ್ಮ ಒಹಾಯೊ ಮಹಾರಾಣಿ ತಾನೇ? ಅವಳಿಗೆ ಹಿಟ್ಟಿಗೂ ಸುಣ್ಣಕ್ಕೂ ವ್ಯತ್ಯಾಸ ಗೊತ್ತಾ? ಎರಡೂ ಚೀಲ ಸಾದಾದ್ದೇ ತಂದು ತುಂಬಿರ್ತಾಳೆ."

ಎಲ್ಲರ ಮುಖ ಗ್ರೆಚೆನ್ ಕಡೆ ತಿರುಗಿತು. ಅವಳು ಮೇಜಿನ ಕೊನೆಯಲ್ಲಿ ತಟ್ಟೆಗಳನ್ನು ಬಿಡಿಸಿ ಇಡುತ್ತಿದ್ದಳು. ಡ್ವೇನ್ ಆ ವಾರ ಲಾರಿ ತೆಗೆದುಕೊಂಡು ಟೆಕ್ಸಾಸ್ ಕಡೆ ಹೋಗಿದ್ದ, ಪಕ್ಕಕ್ಕೆ ನಿಲ್ಲುವವರು ಯಾರೂ ಇರಲಿಲ್ಲ. ಅವಳು ಅತ್ತೆಯ ಕಡೆ ಒಂದು ಸಲ ನೋಡಿದಳು.

"ಹೌದು" ಎಂದಳು. "ನಾನೇ. ಚೀಲ ನೋಡ್ದೆ ತಂದ್ಬಿಟ್ಟೆ. ತಪ್ಪಾಯ್ತು."

ಸುಳ್ಳು. ಡೋವಿಗೆ ಅದು ಸುಳ್ಳೆಂದು ಗೊತ್ತಿತ್ತು. ತಾನು ಚೀಲ ಇಳಿಸಿದ್ದು, ಎದ್ದು ಹೋದದ್ದು, ತಿರುಗಿ ಇಟ್ಟದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಗ್ರೆಚೆನ್ನಳಿಗೆ ಕಣ್ಣಿನ ಗುಟ್ಟು ಗೊತ್ತಿದೆ ಎನ್ನುವುದೂ ಆಗಲೇ ಹೊಳೆಯಿತು. ವಾರ ವಾರ ಕಪಾಟು ಜೋಡಿಸುವವಳು, ಅತ್ತೆ ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡುವುದನ್ನು ಎಷ್ಟು ಸಲ ಕಂಡಿರಬೇಕು. ಕಂಡೂ ಒಬ್ಬರ ಹತ್ತಿರವೂ ಆಡಿರಲಿಲ್ಲ.

ಡೋವಿ ಬಾಯಿ ಮುಚ್ಚಿಕೊಂಡು ಕೂತಳು. ಸುಮ್ಮನಿದ್ದರೆ ಹೆಸರೂ ಉಳಿಯುತ್ತದೆ, ಒಲೆಯೂ ಉಳಿಯುತ್ತದೆ. ಹೋಗುವುದು ಗ್ರೆಚೆನ್ನಳ ಹೆಸರು. ಬಿಸ್ಕೆಟ್ ವಿಷಯದಲ್ಲಿ ಅವಳಿಗೆ ಹೋಗಲು ಹೆಸರಾದರೂ ಎಲ್ಲಿತ್ತು? ಹೀಗೆಲ್ಲ ಲೆಕ್ಕ ಹಾಕಿದಳು ಆ ಮುದುಕಿ, ಸುಳ್ಳು ಹೇಳಬಾರದು. ಯಾರೋ ಕೋಳಿ ಹುರಿದದ್ದನ್ನು ತಟ್ಟೆಗೆ ಹಾಕಿದರು, ಯಾರೋ ಬೀನ್ಸ್ ಬಡಿಸಿದರು. ತಿಂದಳು. ಯಾವುದಕ್ಕೂ ರುಚಿ ಇರಲಿಲ್ಲ.

ಊಟ ಮುಗಿಯುತ್ತ ಬಂತು. ಗ್ರೆಚೆನ್ ಮೇಜಿನ ಮೇಲೆ ಉಳಿದ ಚಪ್ಪಟೆ ಬಿಸ್ಕೆಟ್ಟುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತಿದ್ದಳು. ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮೇಜಿನಾಚೆಯಿಂದ ಇಜೋರಾ ಕೂಗಿದಳು:

"ಬಿಸಾಡ್ಬೇಡ್ವೇ ಹುಡುಗಿ! ಚರ್ಚಿಗೆ ನಾಲ್ಕು ಬಾಗಿಲಿದೆ, ನಾಲ್ಕಕ್ಕೂ ಆಗುತ್ತೆ. ಹನ್ನೆರಡು ವರ್ಷ ಆಯ್ತು, ಬಾಗಿಲಿಗೆ ಇಡೋದನ್ನ ಬಿಟ್ಟು ಬೇರೆ ಏನೂ ಕಲೀಲಿಲ್ವಲ್ಲ ನೀನು!"

ಈ ಸಲ ನಗು ಜೋರಾಗಿಯೇ ಬಂತು. ಬಿಸ್ಕೆಟ್ ಬುಟ್ಟಿಗೆ ಬೀಳುವ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು. ಡೋವಿಗೆ ಆ ನಿಂತ ಕ್ಷಣ ತಡೆಯಲಾಗಲಿಲ್ಲ. ಮೇಜಿಗೆ ಕೈ ಊರಿ ಎದ್ದು ನಿಂತಳು.

"ಇಜೋರಾ, ಸಾಕು ಮಾಡು."

"ನಾನೇನಂದೆ ಅತ್ತಿಗೆ, ತಮಾಷೆಗೆ..."

"ಅವಳು ಸರಿಯಾದ ಚೀಲವೇ ತಂದಿದ್ಲು. ಸರಿಯಾದ ಜಾಗದಲ್ಲೇ ಇಟ್ಟಿದ್ಲು. ಅದಲು ಬದಲು ಮಾಡಿದ್ದು ನಾನು, ಸುರಿದಿದ್ದು ನಾನು. ನಂಗೆ ಕಣ್ಣು ಕಾಣಲ್ಲ."

ಇಜೋರಾ ಕೈಯಲ್ಲಿದ್ದ ಕೋಳಿಯ ತುಂಡನ್ನು ತಟ್ಟೆಗೆ ಇಟ್ಟಳು.

"ಕಾಣಲ್ಲ ಅಂದ್ರೆ?" ಎಂದಳು ಇಜೋರಾ.

"ಕಾಣಲ್ಲ ಅಂದ್ರೆ ಕಾಣಲ್ಲ. ಎರಡು ವರ್ಷದಿಂದ ನಿನ್ನ ಮುಖ ಇರೋ ಜಾಗದಲ್ಲಿ ನಂಗೆ ಕಾಣೋದು ಬರೀ ಒಂದು ಬೂದಿ ಮಚ್ಚೆ. ನಿಜ ಹೇಳ್ಲಾ? ಅದೇನು ಅಂಥಾ ನಷ್ಟ ಅನ್ನಿಸ್ಲಿಲ್ಲ."

ಯಾರೋ ಕೆಮ್ಮಿದರು. ಪಾದ್ರಿಗಳು ಆಕಾಶ ನೋಡಿದರು. ಇಜೋರಾ ಹೊಸ ಟೋಪಿಯನ್ನು ಸರಿಮಾಡಿಕೊಂಡಳು. ಎಲ್ಬರ್ಟ್ ಮಾತ್ರ ಹೆಂಡತಿಯ ಪಕ್ಕ ಬಂದು ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಂಗೂ ಹೇಳ್ಲಿಲ್ವಲ್ಲೇ ಡೋವಿ."

"ಹೇಳಿದ್ರೆ ನೀನು ಲನೆಟ್‌ಗೆ ಹೇಳ್ತಿದ್ದೆ."

"ಹೇಳ್ತಿದ್ದೆ" ಎಂದು ಒಪ್ಪಿಕೊಂಡ ಅವನು. ಅವನ ಮನಸ್ಸಿಗೆ ನೋವಾಗಿತ್ತು, ಅದನ್ನು ಮರೆಮಾಚಲೂ ಇಲ್ಲ. ಆಮೇಲೆ ಬುಟ್ಟಿಗೆ ಕೈ ಹಾಕಿ ಒಂದು ಚಪ್ಪಟೆ ಬಿಸ್ಕೆಟ್ ತೆಗೆದು ಅಲ್ಲೇ ನಿಂತು ತಿಂದ. ಎಲ್ಲರೂ ನೋಡುತ್ತಿದ್ದರು. ಬಹಳ ಹೊತ್ತು ಅಗಿದ. "ಇದಕ್ಕಿಂತ ಕೆಟ್ಟದ್ದು ತಿಂದಿದೀನಿ" ಎಂದ. "ನಮ್ಮ ಇಜೋರಾ ಮಾಡಿದ್ದು."

ಸಂಜೆ ಮನೆಯಲ್ಲಿ ಲನೆಟ್ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಅವಳು ಕೆಟ್ಟವಳಲ್ಲ. ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟುವುದೇ ಅವಳ ಕೆಲಸ, ಹಾಗಾಗಿ ಎಲ್ಲ ಒಲೆಗಳಲ್ಲೂ ಅವಳಿಗೆ ಗಾಯವೇ ಕಾಣುತ್ತಿತ್ತು.

"ಅಮ್ಮ, ನಾಳೆಯಿಂದ ನೀನು ಇದನ್ನ ಮುಟ್ಟೋ ಹಾಗಿಲ್ಲ. ನೀನೂ ಅಪ್ಪಾನೂ ನನ್ ಜೊತೆ ನಾಕ್ಸ್‌ವಿಲ್‌ಗೆ ಬನ್ನಿ. ಕೋಣೆ ಇದೆ."

"ಅಲ್ಲಿ ನಾನು ಬೆಳಿಗ್ಗೆ ಎದ್ದು ಏನ್ ಮಾಡ್ಲಿ?"

"ಏನೂ ಮಾಡ್ಬೇಡ. ಇಷ್ಟು ವರ್ಷ ಮಾಡಿದ್ದು ಸಾಲ್ದಾ?"

"ಏನೂ ಮಾಡದೆ ಇರೋದಕ್ಕೆ ಇಲ್ಲೇ ಜಾಗ ಇದೆಯಲ್ಲೇ, ಚರ್ಚಿನ ಪಕ್ಕ. ಇವತ್ತು ತಾನೇ ಹೂವಿಟ್ಟು ಬಂದ್ವಿ."

ಲನೆಟ್ ಮುಖ ಕೆಂಪಾಯಿತು. ಆಗ ಪಾತ್ರೆ ತೊಳೆಯುತ್ತಿದ್ದ ಗ್ರೆಚೆನ್ ಕೈ ಒರೆಸಿಕೊಂಡು ಈಚೆ ಬಂದಳು. "ಬೆಳಿಗ್ಗೆ ನಾನು ಬರ್ತೀನಿ" ಎಂದಳು. "ಕಾರ್ಖಾನೆಗೆ ಹೋಗೋಕೆ ಮುಂಚೆ. ಒಲೆ ನಾನು ನೋಡ್ಕೋತೀನಿ." ಅವಳಿಗೆ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ, ಏಳಕ್ಕೆಲ್ಲ ಯಂತ್ರದ ಮುಂದೆ ಇರಬೇಕು.

"ದಿನಾ ಬರೋಕಾಗುತ್ತಾ ನಿನಗೆ?" ಎಂದಳು ಲನೆಟ್.

"ಹಳ್ಳ ದಾಟಿದ್ರೆ ಮನೆ. ಬರ್ತೀನಿ."

"ಸರಿ, ನಾಳೆ ನನ್ನ ಕಣ್ಣೆದುರಿಗೇ ಆಗ್ಲಿ. ಒಂದೇ ಒಂದು ಕೈ ಸುಟ್ಟರೂ, ಒಂದೇ ಒಂದು ಬಿಸ್ಕೆಟ್ ಕರಕಲಾದರೂ ನಾನು ತಂತಿ ಕಿತ್ತು ಹೋಗ್ತೀನಿ." ಲನೆಟ್ ಹೇಳಿದರೆ ಕಡ್ಡಿ ಮುರಿದ ಹಾಗೆ. ಡೋವಿ ಆ ರಾತ್ರಿ ದೇವರ ಹತ್ತಿರ ಕಣ್ಣು ಕೇಳಲಿಲ್ಲ, ಬೆಳಗಿನ ಒಂದು ಬಾಣಲೆ ಕೇಳಿದಳು.

ಬೆಳಗಾಗುವ ಮೊದಲೇ ಗ್ರೆಚೆನ್ ಬಂದಳು. ಡೋವಿ ಹಳೆಯ ಹಿಟ್ಟನ್ನೆಲ್ಲ ಕೋಳಿಗೆ ಹಾಕಿ ಮರಿಗೆ ಒರೆಸಿಟ್ಟಿದ್ದಳು.

"ಚೀಲದ ಮೇಲೆ ಏನಿದೆ ಓದು. ಆಮೇಲೆ ನೆಕ್ಕಿ ನೋಡು."

"ಓದಿದ ಮೇಲೂ ನೆಕ್ಕಬೇಕಾ?"

"ಬರೆದೋರನ್ನ ನಾನು ಕಂಡಿಲ್ಲ. ನೆಕ್ಕು."

"ಉಪ್ಪಿದೆ ಅತ್ತೆ."

"ಸುರಿ. ಈಗ ದೂರ ನಿಲ್ಲು. ಕೈ ಹಾಕ್ಬೇಡ, ಕಣ್ಣು ಮಾತ್ರ ಕೊಡು."

ಲನೆಟ್ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಳು. ಡೋವಿಯ ಮುಷ್ಟಿ ಗುಳಿ ಮಾಡಿತು, ಬೆರಳು ಕೊಬ್ಬು ಹುಡುಕಿತು, ಮಜ್ಜಿಗೆ ಇಳಿಯಿತು. ಉಂಡೆಗಳು ಬಾಣಲೆಯ ಸುತ್ತ ಕೂತವು. ಬಾಣಲೆಯನ್ನು ಗ್ರೆಚೆನ್ ಓವನ್ನಿನೊಳಗೆ ಇಟ್ಟು ಬಾಗಿಲು ಮುಚ್ಚಿದಳು. ಹೊರಗೆ ಎಲ್ಬರ್ಟ್ ಕೆಮ್ಮುವುದು ಕೇಳಿಸುತ್ತಿತ್ತು.

"ಈಗ ಬಣ್ಣ ಹೇಗಿದೆ?" ಎಂದಳು ಡೋವಿ.

"ಕಂದು."

"ಕಂದು ಅಂದ್ರೆ ಯಾವ ಕಂದು? ಕುದುರೇನೂ ಕಂದೇ."

ಗ್ರೆಚೆನ್ ಬಗ್ಗಿ ಗಾಜಿನಲ್ಲಿ ಇಣುಕಿದಳು. "ಮಾವನ ಹಳೇ ಟೋಪಿ ತರ."

"ಹೊಸದ್ದಿದ್ದಾಗಿನ ಬಣ್ಣಾನಾ, ಈಗಿನ ಬಣ್ಣಾನಾ?"

"ಹೊಸದ್ದಿದ್ದಾಗ ನಾನು ನೋಡಿಲ್ಲ ಅತ್ತೆ. ಅಷ್ಟು ಹಳೇದು."

"ಹಾಗಾದ್ರೆ ತೆಗಿ, ತೆಗಿ, ಬೇಗ ತೆಗಿ!"

ತೆಗೆದಳು. ಡೋವಿ ಬಾಣಲೆಯ ಮೇಲೆ ಅಂಗೈ ಚಾಚಿ, ತಾಗಿಸದೆ, ಹಬೆ ಎಲ್ಲಿಂದ ಏಳುತ್ತಿದೆ ಎಂದು ನೋಡಿದಳು. ಎತ್ತರಕ್ಕೆ ಬಂದಿದ್ದವು. ಅವಳು ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತಳು. ಲನೆಟ್ ಬಂದು ಒಂದು ತಿಂದಳು. ಇನ್ನೊಂದು ತಿಂದಳು. ಮೂರನೆಯದಕ್ಕೆ ಬೆಣ್ಣೆ ಸವರುತ್ತ, ಯಾರ ಮುಖವನ್ನೂ ನೋಡದೆ, "ಉದ್ದನೆ ಕೈಗವಸು ಕಳಿಸ್ತೀನಿ, ಮೊಣಕೈವರೆಗೂ ಬರೋದು. ಅದನ್ನ ಹಾಕ್ಕೊಂಡೇ ಓವನ್ ಮುಟ್ಟಬೇಕು, ಇಬ್ಬರೂ" ಎಂದಳು. ಒಲೆ ಉಳಿಯಿತು ಎನ್ನುವುದಕ್ಕೆ ಅವಳು ಬಳಸಿದ ಮಾತು ಇಷ್ಟೇ. ಎಲ್ಬರ್ಟನನ್ನು ಕರೆಯುತ್ತ ಹೊರಗೆ ಹೋದಳು.

ಗ್ರೆಚೆನ್ ಕಾರಿನ ಕೀಲಿ ಕೈಗೆ ತೆಗೆದುಕೊಂಡಳು, ಕಾರ್ಖಾನೆಗೆ ಹೊತ್ತಾಗುತ್ತಿತ್ತು.

"ಬಾ ಇಲ್ಲಿ" ಎಂದಳು ಡೋವಿ.

ಅವಳು ಬಂದು ನಿಂತಳು.

"ಕೂತ್ಕೋ. ರಾತ್ರಿಯೆಲ್ಲಾ ಮಲಗಿ ಒಬ್ಬೊಬ್ಬರ ಮುಖ ನೆನಸ್ಕೊಂಡೆ. ಇನ್ನು ಮೇಲೆ ನೆನಪಲ್ಲಿ ತಾನೇ ನೋಡ್ಬೇಕು. ಡ್ವೇನ್ ಮುಖ ಬರುತ್ತೆ. ಲನೆಟ್‌ದು ಬರುತ್ತೆ. ಎಲ್ಬರ್ಟ್‌ದು, ಮೀಸೆ ಇದ್ದಾಗಿನದು, ಇಲ್ಲದಾಗಿನದು, ಎರಡೂ ಬರುತ್ತೆ. ಆ ಇಜೋರಾ ಮುಖ ಬೇಡ ಅಂದ್ರೂ ಬರುತ್ತೆ." ಡೋವಿ ಮರಿಗೆಯ ಮೇಲೆ ಬಟ್ಟೆ ಎಳೆದಳು. "ನಿಂದು ಬರ್ಲಿಲ್ಲ ಗ್ರೆಚೆನ್. ಕಣ್ಣು ಚೆನ್ನಾಗಿದ್ದಾಗ ಹತ್ತು ವರ್ಷ ನನ್ನೆದುರಿಗೇ ಕೂತು ಉಂಡೆ ನೀನು. ನಾನು ನಿನ್ನ ಒಂದು ಸಲಾನೂ ಸರಿಯಾಗಿ ನೋಡಿಲ್ಲ."

ಗ್ರೆಚೆನ್ ಕೀಲಿಯನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಅತ್ತೆಯ ಎರಡೂ ಕೈಗಳನ್ನು ಎತ್ತಿ ತನ್ನ ಮುಖಕ್ಕೆ ಇಟ್ಟುಕೊಂಡಳು. ಡೋವಿ ಕೈ ತೊಳೆದಿರಲಿಲ್ಲ. ಆ ಬೆರಳುಗಳು ಹಣೆಯ ಮೇಲೆ ಹೋದವು, ಹುಬ್ಬಿನ ಗುಂಟ ನಡೆದವು, ಮೂಗು ಇಳಿದವು, ಕೆನ್ನೆಯ ಮೂಳೆಯ ಮೇಲೆ ನಿಂತವು, ಅಲ್ಲಿ ಒದ್ದೆಯಾಗಿತ್ತು, ಅದನ್ನೂ ದಾಟಿ ಗಲ್ಲಕ್ಕೆ ಬಂದವು. ಅವಸರ ಮಾಡಲಿಲ್ಲ ಮುದುಕಿ.

ಅಂಗಿ ಕಾರ್ಖಾನೆಯಲ್ಲಿ ಪಕ್ಕದ ಯಂತ್ರದವಳು ಅವಳನ್ನು ನೋಡಿದ್ದೇ ನಕ್ಕುಬಿಟ್ಟಳು. "ಏನೇ ಇದು ಅವತಾರ? ಮುಖದ ತುಂಬಾ ಹಿಟ್ಟು! ಹೋಗಿ ತೊಳ್ಕೊಂಡು ಬಾ, ಮೇಸ್ತ್ರಿ ಬರೋಷ್ಟರಲ್ಲಿ."

ಗ್ರೆಚೆನ್ ಸೂಜಿಗೆ ದಾರ ಪೋಣಿಸಿದಳು.

"ಇರ್ಲಿ ಬಿಡೇ" ಎಂದಳು. "ನಮ್ಮತ್ತೆ ಇವತ್ತು ನನ್ನ ನೋಡಿದ್ರು."